ಯಾವ ಮೀನು?

ಪೆನಿಶ್ ಬಂದರಿನಲ್ಲಿ ರಾತ್ರಿ ಎರಡಕ್ಕೆ ಫೋನು:
"ಮಗಾ, ಅಡುಗೆಮನೆಯಲ್ಲಿ ಮೀನಿನ ವಾಸನೆ."
ನಗು ಬಂತು, ಒಪ್ಪಿಕೊಳ್ಳುತ್ತೇನೆ.
ಮೂರು ಕಡೆ ಅಟ್ಲಾಂಟಿಕ್ ಸುತ್ತಿ ನಿಂತ ಊರು.
ಇಲ್ಲಿ ಬಸ್ಸಿನ ಸೀಟಿಗೆ ಮೀನಿನ ವಾಸನೆ,
ಪಾದ್ರಿಯ ಅಂಗಿತೋಳಿಗೆ, ಮದುವೆಯ ಫೋಟೋಗೆ ಕೂಡ.
ಕರೆಂಟಿನವನನ್ನು ಯಾಕೆ ಎಬ್ಬಿಸಿದೆಯಮ್ಮ, ಬೆಕ್ಕನ್ನು ಕರಿ
ಅನ್ನುವುದರಲ್ಲಿದ್ದೆ.

"ನಲವತ್ತೊಂದು ವರ್ಷ ಡಬ್ಬಿ ಕಾರ್ಖಾನೆಯಲ್ಲಿ
ಬೂತಾಯಿಯ ತಲೆ ಕಿತ್ತವಳು ನಾನು, ಲುಡೊವೀನಾ.
ಹಸಿ ಗೊತ್ತು, ಹಳಸಿದ್ದು ಗೊತ್ತು, ಎಣ್ಣೆಯಲ್ಲಿ ಸೀದದ್ದು ಗೊತ್ತು.
ಇದು ಅದಲ್ಲ.
ಇದು ಸಮುದ್ರವನ್ನೇ ನೋಡದ ಮೀನು."

ಹೋದಾಗ ಅವಳು ಹೊರಗಿನ ಮೆಟ್ಟಿಲ ಮೇಲೆ,
ನೈಟಿಯ ಮೇಲೆ ತೀರಿಹೋದ ಗಂಡನ ಕೋಟು,
ಮಡಿಲಲ್ಲಿ ಟಾರ್ಚು.
ಮೇನ್ ಸ್ವಿಚ್ಚು ತಾನೇ ಇಳಿಸಿದ್ದಳು.
ಅಕ್ಕನ ಮಗ ಅಬೀಲಿಯು ಆಕಳಿಸುತ್ತಾ ನನ್ನ ಕಿವಿಯಲ್ಲಿ:
"ಚಿಕ್ಕಮ್ಮನಿಗೆ ಸ್ಕ್ರೂ ಲೂಸು."

ಅವನನ್ನೇ ಕೇಳಿದೆ, ಮೆಲ್ಲಗೆ, ವೈದ್ಯರು ಕೇಳುವ ಹಾಗೆ.
ಹೂಂ, ಫ್ರಿಜ್ಜು ಶುರುವಾದಾಗ ದೀಪ ಕಣ್ಣು ಮಿಟುಕಿಸುತ್ತೆ, ಹಳೇ ಮನೆ ಅಲ್ವಾ.
ಹೂಂ, ಗೋಡೆ ಒಂದೊಂದು ಸಲ ಗುಂಯ್ ಅನ್ನುತ್ತೆ, ನೊಣ ಇರಬೇಕು.
ನಲ್ಲಿ ಮುಟ್ಟಿದರೆ ಬೆರಳು ಜುಮ್ಮೆನ್ನುವುದೇ?
ಇಲ್ಲ. ಇಲ್ಲಪ್ಪ. ಒಮ್ಮೆ ಮಾತ್ರ.
ಬ್ರೇಕರು? ಬೀಳುತ್ತೆ. ಎತ್ತುತ್ತೇನೆ. ಬೀಳುತ್ತೆ.
ಮೊನ್ನೆ ನಾಲ್ಕು ಸಲ. ಆಮೇಲೆ ಬೀಳದ ಹಾಗೆ
ದೊಡ್ಡದೊಂದು ತಂದು ಹಾಕಿದೆ, ಅಗ್ಗಕ್ಕೆ ಸಿಕ್ಕಿತು.

ಬೊಗಳಿ ಎಬ್ಬಿಸುವ ನಾಯಿಯ ಬಾಯಿ ಹೊಲಿದು
ಈಗ ನೆಮ್ಮದಿಯಾಗಿ ನಿದ್ದೆ ಬರುತ್ತದೆ ಎಂದ ಹಾಗೆ.

ಫ್ರಿಜ್ಜು ಸರಿಸಿದೆವು.
ಸಾಕೆಟ್ಟಿನ ಸುತ್ತ ಚಹಾ ಚೆಲ್ಲಿದಂಥ ಕಂದು ಕಲೆ.
ಟೆಸ್ಟರ್ ಹಚ್ಚಿ ಎರಡು ಸಲ ನೋಡಿ, ಆಮೇಲೆ ಕೈ ಹತ್ತಿರ ಒಯ್ದೆ:
ಇನ್ನೂ ಬಿಸಿ, ಜ್ವರದ ಮಗುವಿನ ಹಣೆ.
ಮುಚ್ಚಳ ಬಿಚ್ಚಿದ್ದೇ ಮೀನು ಮುಖಕ್ಕೆ ರಾಚಿತು.
ಒಳಗೆ ಬೇಯುವ ಪ್ಲಾಸ್ಟಿಕ್ಕು ಹೀಗೇ ನಾರುವುದುಂಟು,
ಹೊಗೆಗೂ ಮೊದಲು,
ಮನೆ ಮಂದಿಯೆಲ್ಲ ಅತ್ತಿತ್ತ ಮೂಸಿ
ಕಸದ ಬುಟ್ಟಿಯನ್ನು ಬಯ್ಯುವಷ್ಟು ಮೊದಲು.
ತಂತಿಯ ತುದಿ ಕರಿಕಡ್ಡಿ. ಅದನ್ನು ಹಿಡಿದಿರಬೇಕಾದ
ಹಿತ್ತಾಳೆ ತಿರುಪು ಅರ್ಧ ಸುತ್ತು ಸಡಿಲ.

ಅಂಗೈಯಲ್ಲಿಟ್ಟು ಅಬೀಲಿಯುಗೆ ತೋರಿಸಿದೆ:
"ನೀನು ಹೇಳಿದ್ದು ನಿಜ. ಸ್ಕ್ರೂ ಲೂಸು."
ಲುಡೊವೀನಾ ನಗಲಿಲ್ಲ.
ಟಾರ್ಚನ್ನು ಸ್ವಲ್ಪ ಮೇಲೆತ್ತಿ ಹಿಡಿದಳು, ಅಷ್ಟೆ.

ನಾನೂ ನಗಬಾರದಿತ್ತು, ಫೋನಿನಲ್ಲಿ.
ಒಂಬತ್ತು ವರ್ಷದ ಹಿಂದೆ ಬಲೆ ಹೊಲಿಯುವ ಬೆಲ್ಮೀರು
ಇದೇ ಹೊತ್ತಿಗೆ ಇದನ್ನೇ ಹೇಳಿದ್ದ.
ಮೀನೂರಲ್ಲಿ ಮೀನು ನಾರದೆ ಗುಲಾಬಿ ನಾರುತ್ತದೆಯೇ,
ಬೆಳಿಗ್ಗೆ ನೋಡೋಣ ಎಂದು ಮಗ್ಗುಲಾಗಿದ್ದೆ.
ಬೆಳಿಗ್ಗೆ ನೋಡಿದೆ.
ಮನೆಯವರು ರಸ್ತೆಯಲ್ಲಿ ಕಂಬಳಿ ಹೊದ್ದು ನಿಂತಿದ್ದರು.
ಎರಡು ಕನೇರಿ ಹಕ್ಕಿ ಪಂಜರದಲ್ಲೇ ಉಳಿದಿದ್ದವು.
ಬೆಲ್ಮೀರು ಬಯ್ಯಲಿಲ್ಲ. ಈಗಲೂ ಎದುರಾದರೆ ಟೋಪಿ ಎತ್ತುತ್ತಾನೆ.
ಸುಟ್ಟ ಕೈಯೂ ಮರೆಯುತ್ತದೆ, ನೋಡಿ.

ಲುಡೊವೀನಾ ದುಡ್ಡು ಎಣಿಸಿ ಕೊಟ್ಟಳು,
ಮೇಲೊಂದು ಬೂತಾಯಿ ಡಬ್ಬಿ. ಅದರ ಮೇಲಿನ ತಾರೀಖು
ಅವಳು ಕೆಲಸ ಬಿಟ್ಟ ವರ್ಷದ್ದು.
ತೆರೆದಿಲ್ಲ. ಉಪಕರಣದ ಪೆಟ್ಟಿಗೆಯಲ್ಲೇ ಇದೆ,
ಇಕ್ಕಳದ ಪಕ್ಕ.

ಈಗ ರಾತ್ರಿ ಫೋನು ಬಂದರೆ
"ನಿಜವಾಗಿಯೂ?" ಎಂದು ಕೇಳುವುದಿಲ್ಲ.
ಕೇಳುವುದು ಒಂದೇ: ಯಾವ ಮೀನು?
ಬಂಗುಡೆಯೋ ಬೂತಾಯಿಯೋ, ಹೆಸರು ಹೇಳಿದರೆ ಬೆಳಿಗ್ಗೆ ಬರುತ್ತೇನೆ.
ಹೆಸರು ಸಿಗದಿದ್ದರೆ ಮೇನ್ ಇಳಿಸಿ,
ಮಲಗಿದವರನ್ನು ಎಬ್ಬಿಸಿ, ಹಕ್ಕಿ ಇದ್ದರೆ ಹಕ್ಕಿಯನ್ನೂ,
ಹೊರಗೆ ಬಂದು ಕೂತಿರಿ.
ಬೂಟು ಹಾಕಿಕೊಳ್ಳುತ್ತಿದ್ದೇನೆ.

ಆ ಕಡೆ ಮೌನ.
ಯಾರೋ ಕತ್ತಲಲ್ಲಿ ಗೋಡೆಯ ಹತ್ತಿರ ಬಗ್ಗಿ
ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ.